ಚೆನ್ನಾಗಿರುವ ಡಿಸ್ಕನ್ನು ಬಿಸಾಡುವ ಪಾಠ

ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜು. ನೀವು ಬಿ.ಇ. ಮುಗಿಸಿ ಸಮವಸ್ತ್ರ ತೊಟ್ಟ ಹೊಸ ಅಧಿಕಾರಿ. ಮೇಜಿನ ಮೇಲೆ ಜೆಟ್ ಎಂಜಿನ್ನಿನ ಎರಡು ಭಾಗ: ಅಂಗೈಯಲ್ಲಿ ಅಡಗುವ ಟರ್ಬೈನ್ ಬ್ಲೇಡ್, ಅಂಥ ಬ್ಲೇಡ್‌ಗಳನ್ನು ಅಂಚಿನ ಸುತ್ತ ಹಿಡಿದಿಡುವ ಡಿಸ್ಕ್.

"ಯಾವುದಕ್ಕೆ ಹೆದರಬೇಕು?" ಬೋಧಕರ ಪ್ರಶ್ನೆ.

"ಬ್ಲೇಡ್, ಸರ್. ಬೆಂಕಿಗೆ ಮೈಯೊಡ್ಡುವುದು ಅದೇ," ಎನ್ನುತ್ತಾನೆ ಪಕ್ಕದವನು.

"ಬ್ಲೇಡ್ ಮುರಿದರೆ ಕವಚ ತಡೆಯುತ್ತದೆ. ಡಿಸ್ಕ್ ಒಡೆದರೆ ತಡೆಯುವಂಥ ಕವಚ ಹೊತ್ತು ವಿಮಾನ ಮೇಲೇಳಲಾರದು."

ಪರದೆಯ ಮೇಲೆ ಅಮೆರಿಕದ ಸೂ ಸಿಟಿ, 1989ರ ಜುಲೈ 19. ಡಿಸಿ-10 ವಿಮಾನದ ಬಾಲದ ಎಂಜಿನ್ನಿನ ಫ್ಯಾನ್ ಡಿಸ್ಕ್ ಆಕಾಶದಲ್ಲೇ ಸಿಡಿದು ಹೈಡ್ರಾಲಿಕ್ ಕೊಳವೆಗಳನ್ನೆಲ್ಲ ಕತ್ತರಿಸಿತು. 296 ಜನರಲ್ಲಿ 112 ಮಂದಿ ಸತ್ತರು. ಡಿಸ್ಕಿಗೆ ಕೊಟ್ಟ ಆಯುಸ್ಸು 18,000 ಹಾರಾಟ, ಆಗಿದ್ದದ್ದು 15,503. ಟೈಟಾನಿಯಂ ಕರಗಿಸುವಾಗಲೇ ಉಳಿದಿದ್ದ ದೋಷದಿಂದ ಬಿರುಕು ಹುಟ್ಟಿತ್ತು. ಹಿಂದಿನ ವರ್ಷದ ತಪಾಸಣೆಯಲ್ಲೇ ಅದು ಕಾಣಬೇಕಿತ್ತು, ಯಾರಿಗೂ ಕಾಣಲಿಲ್ಲ. ಕಣ್ಣೂ ಬೇಕು, ಲೆಕ್ಕವೂ ಬೇಕು ಅನ್ನುವುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಸಿಗುವುದು ಕಷ್ಟ.

ಕಣ್ಣಿನ ಪಾಠ ಕತ್ತಲೆ ಕೋಣೆಯಲ್ಲಿ. ಬಣ್ಣದ ದ್ರವ ಹೀರಿಸಿ ತೊಳೆದ ಲೋಹದ ಮೇಲೆ ನೇರಳಾತೀತ ದೀಪ ಹಾಯಿಸುತ್ತೀರಿ. ಹಸಿರು ಗೆರೆಯೊಂದು ಹೊಳೆದರೆ ಬಿರುಕು. ಇದನ್ನು ಬೇಗ ಕಲಿಯುತ್ತೀರಿ.

ಲೆಕ್ಕ ಹಾಗಲ್ಲ. ಎಂಜಿನ್ ವೇಗ ಹಿಡಿದಾಗ ಬ್ಲೇಡ್‌ಗಳೆಲ್ಲ ಡಿಸ್ಕನ್ನು ಹೊರಕ್ಕೆ ಜಗ್ಗುತ್ತವೆ. ಅಂಚು ಕಾಯುತ್ತದೆ, ನಡುವಿನ ಭಾಗ ತಣ್ಣಗೇ ಇರುತ್ತದೆ. ಥ್ರಾಟಲ್ ಇಳಿಸಿದರೆ ಆ ಎಳೆತ ಸಡಿಲ. ಏರಿಸಿ ಇಳಿಸಿದ ಪ್ರತಿ ಸಲವೂ ಆಯುಸ್ಸು ಒಂದಿಷ್ಟು ಸವೆಯುತ್ತದೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹಾರಿದರೆ ಬ್ಲೇಡ್‌ಗೆ ಕಷ್ಟ, ಡಿಸ್ಕಿಗೆ ಅಷ್ಟಿಲ್ಲ.

ಬೋಧಕರು ಎರಡು ನಕ್ಷೆ ಹಂಚುತ್ತಾರೆ. ಬೀದರಿನ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದಂತೆ ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ಸೇರಿಸಿ ಹಾರುತ್ತಿವೆ ಎಂದುಕೊಳ್ಳಿ. ನಾಯಕನ ಥ್ರಾಟಲ್ ನಕ್ಷೆ ಹೆಚ್ಚುಕಡಿಮೆ ಸಮತಟ್ಟು. ಅಂಚಿನಲ್ಲಿ ಹಾರುವವನದು ಗರಗಸದ ಹಲ್ಲು. ಜಾಗ ಬಿಡದಿರಲು ಅವನ ಎಡಗೈ ಸುಮ್ಮನಿರುವಂತಿಲ್ಲ. ಬ್ರಿಟನ್ನಿನ ರೆಡ್ ಆರೋಸ್ ತಂಡದ ಹಾಕ್‌ಗಳಲ್ಲೂ ಇದೇ ಕಂಡದ್ದು: ಅದೇ ಅಡೋರ್ ಎಂಜಿನ್, ಅದೇ ಹೊತ್ತಿನ ಹಾರಾಟ, ಆದರೆ ಅಂಚಿನವನ ಡಿಸ್ಕ್ ಹಲವು ಪಟ್ಟು ಬೇಗ ಮುದಿಯಾಗುತ್ತದೆ. ಗಂಟೆಯ ಲೆಕ್ಕವೊಂದನ್ನೇ ನಂಬಿದವನಿಗೆ ಎರಡೂ ಒಂದೇ!

ಹಾಗಾದರೆ ಡಿಸ್ಕನ್ನು ಯಾವಾಗ ತೆಗೆಯಬೇಕು? ಅಮೆರಿಕದಲ್ಲಿ ಬಹುಕಾಲ ನಡೆದ ಪದ್ಧತಿಯಂತೆ, ಸಾವಿರ ಡಿಸ್ಕುಗಳಲ್ಲಿ ಒಂದರಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟು ಬಿರುಕು ಮೂಡಬಹುದಾದ ಹೊತ್ತಿಗೆ ಸಾವಿರವನ್ನೂ ತೆಗೆಯಬೇಕು. ಉಳಿದ 999 ನೆಟ್ಟಗಿದ್ದರೂ ಸರಿ. ನೆಟ್ಟಗಿರುವುದನ್ನೂ ಬಿಸಾಡುವ ಈ ಖರ್ಚು ಅಮೆರಿಕದ ವಾಯುಪಡೆಗೂ ಭಾರವಾಯಿತು. 1980ರ ದಶಕದಲ್ಲಿ ಅವರು ಎಫ್-100 ಎಂಜಿನ್ನಿನ ಭಾಗಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ, ಬಿರುಕು ಕಂಡವನ್ನಷ್ಟೇ ತೆಗೆಯುವ ದಾರಿ ಹಿಡಿದರು.

ಕೊನೆಗೆ ನಿಮ್ಮ ಮುಂದೆ ಒಂದು ಡಿಸ್ಕ್, ಅದರ ಹಾರಾಟ ಬರೆದಿಟ್ಟ ಲಾಗ್ ಕಾರ್ಡ್. ಡಿಸ್ಕ್ ಹೊಳೆಯುತ್ತಿದೆ, ಹಸಿರು ಗೆರೆಯಿಲ್ಲ. ಆದರೆ ಕಾರ್ಡಿನ ನಡುವಿನ ಒಂದು ಹಾಳೆ ಕಾಣೆ. ಆ ಅವಧಿಯಲ್ಲಿ ಇದು ನಾಯಕನ ವಿಮಾನದಲ್ಲಿತ್ತೋ ಅಂಚಿನವನದರಲ್ಲೋ? ಅಂಚಿನವನದರಲ್ಲಿತ್ತೆಂದೇ ಹಿಡಿದು ಲೆಕ್ಕ ಕೂಡುತ್ತೀರಿ. ಆಯುಸ್ಸು ಮುಗಿದಿದೆ.

"ಗುಜರಿಗೆ, ಸರ್."

"ಹಾಗೇ ಕಳಿಸುತ್ತೀರಾ? ಯಾರೋ ಒರೆಸಿ ಮತ್ತೆ ಮಾರಿಯಾರು. ಮೊದಲು ನಿಮ್ಮೆದುರೇ ಕತ್ತರಿಸಿ, ಆಮೇಲೆ ಸಹಿ ಹಾಕಿ."