ಪಾದಚಾರಿಗೆ ಅಭಯ

ದಾನಗಳು ನಾಲ್ಕು ಬಗೆಯೆಂದು ನಮ್ಮ ಮನೆಗಳ ಮಕ್ಕಳಿಗೂ ತಿಳಿದಿದೆ: ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ. ಮೊದಲ ಮೂರಕ್ಕೆ ನಮ್ಮ ಸಮಾಜದಲ್ಲಿ ದಾನಿಗಳ ಕೊರತೆಯಿಲ್ಲ. ಅವುಗಳಿಗೆ ರಸೀದಿಯುಂಟು, ವಾರ್ಷಿಕ ವರದಿಯಲ್ಲಿ ಸ್ಥಾನವುಂಟು. ನಾಲ್ಕನೆಯ ದಾನಕ್ಕೆ ರಸೀದಿಯಿಲ್ಲ. ಇನ್ನೊಂದು ಜೀವವು ನಮ್ಮ ಕಾರಣದಿಂದ ಹೆದರದಂತೆ ನಡೆದುಕೊಳ್ಳುವುದೇ ಅಭಯದಾನ. ಕೊಟ್ಟವನಿಗೂ ಪಡೆದವನಿಗೂ ಅದು ಕಣ್ಣಿಗೆ ಕಾಣುವುದಿಲ್ಲ. ಇಂತಹ ದೊಡ್ಡ ಮಾತನ್ನು ಒಂದು ಸಣ್ಣ ವಿಷಯಕ್ಕೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಪಾದಚಾರಿಗಳಿಗೆಂದು ಕಟ್ಟಿದ ಫುಟ್‌ಪಾತಿನ ಮೇಲೆ ಪ್ರಾಯಸ್ಥರು ಸೈಕಲ್ ತುಳಿಯಬಹುದೇ ಎಂಬುದೇ ಆ ವಿಷಯ.

ನಾನಿರುವುದು ಮಂಗಳೂರಿನ ನಂತೂರಿನಲ್ಲಿ. ಈ ಊರನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಇಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಒಂದು, ಕರಾವಳಿಯುದ್ದಕ್ಕೂ ಸಾಗುವ 66ನೆಯ ಹೆದ್ದಾರಿ; ಅದನ್ನು ಹಿಂದೆ 17 ಎನ್ನುತ್ತಿದ್ದೆವು. ಇನ್ನೊಂದು, ಹಿಂದೆ 13 ಎಂಬ ಸಂಖ್ಯೆ ಹೊತ್ತು ಸೊಲ್ಲಾಪುರದವರೆಗೆ ಹೋಗುತ್ತಿದ್ದ ರಸ್ತೆ; ಈ ಭಾಗದಲ್ಲಿ ಈಗ ಅದು 169 ಎನಿಸಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಬಾಹುಬಲಿಯ ಸನ್ನಿಧಿಗೂ ಮಂಗಳೂರಿನಿಂದ ಹೊರಟ ಯಾತ್ರಿಕರು ಹಿಡಿಯುವುದು ಇದೇ ರಸ್ತೆಯನ್ನು. ಪಣಂಬೂರಿನ ಬಂದರಿಗೆ ಹೋಗಿ ಬರುವ ಲಾರಿಗಳೂ ಟ್ಯಾಂಕರುಗಳೂ ಹಗಲಿರುಳು ಇಲ್ಲಿ ಹಾಯುತ್ತವೆ. ಪಂಪ್‌ವೆಲ್‌ನತ್ತ ರಸ್ತೆ ಇಳಿಜಾರಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ನಮ್ಮ ನಗರದ ಫುಟ್‌ಪಾತುಗಳೆಂದರೆ ಬಹುಪಾಲು ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳು. ನಡುವೆ ವಿದ್ಯುತ್ ಕಂಬ, ಅಂಗಡಿಯ ಮೆಟ್ಟಿಲು, ನಿಲ್ಲಿಸಿದ ಸ್ಕೂಟರು. ಉಳಿದ ಜಾಗದಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಬೇಕು.

ನಮ್ಮ ಅಂಗಡಿಯಲ್ಲಿ ಹಲವು ವರ್ಷ ದುಡಿದ ಗುಮಾಸ್ತರೊಬ್ಬರು ಕುಲಶೇಖರದ ಕಡೆಯಿಂದ ಸೈಕಲಿನಲ್ಲಿ ಬರುತ್ತಿದ್ದರು. ವೃತ್ತದ ಸಮೀಪ ಅವರು ಫುಟ್‌ಪಾತನ್ನೇರಿ ಬರುವುದನ್ನು ನೋಡಿ ಒಮ್ಮೆ ನಾನು ಕಾರಣ ಕೇಳಿದೆ. “ಧಣಿಗಳೇ, ರಸ್ತೆಗಿಳಿದರೆ ಲಾರಿಯವನು ನನ್ನನ್ನು ಬಯ್ಯುತ್ತಾನೆ, ಮೇಲೆ ಹತ್ತಿದರೆ ನಡೆಯುವವರು ಬಯ್ಯುತ್ತಾರೆ. ಬಯ್ಗುಳ ಎರಡೂ ಕಡೆ ಒಂದೇ. ಆದರೆ ಕೆಳಗೆ ಜೀವ ಹೋಗುತ್ತದೆ” ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸೈಕಲ್ ಸವಾರರು ಅವರಲ್ಲಿ ಶೇಕಡಾ 3ರ ಸಮೀಪ. ಆದರೆ ಅದೇ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು. ಸತ್ತವರಲ್ಲಿ ಪಾದಚಾರಿಗಳು 32,825, ಅಂದರೆ ಶೇಕಡಾ 19ಕ್ಕೂ ಹೆಚ್ಚು. ರಸ್ತೆಯಲ್ಲಿ ಅತ್ಯಂತ ಕಡಿಮೆ ರಕ್ಷಣೆಯುಳ್ಳವರು ಈ ಇಬ್ಬರು. ಇಬ್ಬರನ್ನೂ ಒಂದೇ ಇಕ್ಕಟ್ಟಾದ ಚಪ್ಪಡಿಯ ಮೇಲೆ ಎದುರಾಬದುರಾಗಿ ನಿಲ್ಲಿಸಿದ್ದೇವೆ.

ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ಎಪ್ಪತ್ತು ದಾಟಿದ ನನ್ನ ಅತ್ತಿಗೆಗೆ ಪ್ರತಿದಿನ ಬೆಳಗ್ಗೆ ಮಲ್ಲಿಕಟ್ಟೆಯ ಮಾರುಕಟ್ಟೆಗೆ ನಡೆದು ಹೋಗಿ ತರಕಾರಿ ಆರಿಸಿ ತರುವುದು ರೂಢಿಯಾಗಿತ್ತು. ಕಿವಿ ಸ್ವಲ್ಪ ಮಂದ. ಒಂದು ದಿನ ಫುಟ್‌ಪಾತಿನ ಮೇಲೆ ಹಿಂದಿನಿಂದ ಬಂದ ಸೈಕಲಿನ ಹ್ಯಾಂಡಲ್ ಮೊಣಕೈಗೆ ತಾಗಿ ಅವರು ಬಿದ್ದರು. ಸವಾರನು ಓಡಿಹೋಗಲಿಲ್ಲ. ಸೈಕಲನ್ನು ಬಿಟ್ಟು ಬಂದು ಎತ್ತಿ ಕೂರಿಸಿದ, ಚೆಲ್ಲಿದ ತರಕಾರಿಯನ್ನು ಆರಿಸಿಕೊಟ್ಟ, ಕೈಮುಗಿದು ಕ್ಷಮೆ ಕೇಳಿದ. ಗಂಟೆ ಬಾರಿಸಿದ್ದೆನೆಂದು ಹೇಳಿದ. ಅದು ನಿಜವೂ ಇರಬಹುದು, ಇವರಿಗೆ ಕೇಳಿಸಿರಲಾರದು. ಮೂಳೆ ಮುರಿಯಲಿಲ್ಲ, ತರಚಿದ ಗಾಯ ಒಂದು ವಾರದಲ್ಲಿ ಮಾಯಿತು. ಆದರೆ ಆ ದಿನದಿಂದ ಅವರು ಒಬ್ಬರೇ ನಡೆದು ಹೋಗುವುದನ್ನು ಬಿಟ್ಟರು. ಈಗ ತರಕಾರಿ ಮನೆಬಾಗಿಲಿಗೆ ಬರುತ್ತದೆ, ಬಸದಿಗೆ ಹೋಗಬೇಕಾದರೆ ಯಾರಾದರೂ ಆಟೋ ಕರೆಸಬೇಕು. ಅಪಘಾತದ ಯಾವ ವರದಿಯಲ್ಲಿಯೂ ಈ ನಷ್ಟ ದಾಖಲಾಗುವುದಿಲ್ಲ. ಒಬ್ಬ ಸಭ್ಯ ಮನುಷ್ಯನು, ಯಾರಿಗೂ ಕೇಡು ಬಯಸದೆ, ಒಬ್ಬ ವೃದ್ಧೆಯ ಸ್ವಾತಂತ್ರ್ಯವನ್ನು ಕಿತ್ತುಕೊಂಡಂತಾಯಿತು.

ಈ ಎರಡು ಪಕ್ಷಗಳ ನಡುವೆ ನಮ್ಮ ಶಾಸ್ತ್ರವು ಏನು ಹೇಳೀತು? ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮವನ್ನು ವಾಚಕರು ಬಲ್ಲರು. ತನ್ನ ಮೇಲೆ ಬಿದ್ದ ಆಕ್ರಮಣವನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ತ್ಯಜಿಸಲಾರನೆಂದು ಶಾಸ್ತ್ರವು ಒಪ್ಪುತ್ತದೆ. ಜೀವ ಉಳಿಸಿಕೊಳ್ಳಲು ಫುಟ್‌ಪಾತನ್ನೇರಿದೆನೆಂಬ ಸವಾರನ ಸಮರ್ಥನೆಯೂ ಇದೇ ವರ್ಗಕ್ಕೆ ಸೇರಿದಂತೆ ಮೊದಲ ನೋಟಕ್ಕೆ ಕಾಣುತ್ತದೆ. ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ವಿರೋಧಿಸಬೇಕಾದುದು ಆಕ್ರಮಿಸಿದವನನ್ನು. ಸವಾರನನ್ನು ಅಂಚಿಗೆ ತಳ್ಳಿದವನು ಲಾರಿಯವನು, ಪೆಟ್ಟು ತಿಂದವರು ತರಕಾರಿಯ ಚೀಲ ಹಿಡಿದ ವೃದ್ಧೆ. ತನ್ನ ಮೇಲಿನ ಭಾರವನ್ನು ತನಗಿಂತ ದುರ್ಬಲರ ಹೆಗಲಿಗೆ ವರ್ಗಾಯಿಸುವುದಕ್ಕೆ ಆತ್ಮರಕ್ಷಣೆಯೆಂಬ ಹೆಸರು ಸಲ್ಲದು. ವ್ಯಾಪಾರದಲ್ಲಿ ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಬರೆದರೆ ಅದನ್ನು ನಾವು ಏನೆನ್ನುತ್ತೇವೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಖ್ಯವಾಗಿಟ್ಟಿದ್ದಾರೆ. ಎಚ್ಚರದಿಂದ ನೆಲ ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಜೀವಿಯೊಂದು ಸಿಕ್ಕಿದರೆ ಅವರಿಗೆ ಆ ಕಾರಣದಿಂದ ಕರ್ಮಬಂಧವಿಲ್ಲವೆಂದು ಆಚಾರ್ಯರು ವಿವರಿಸಿದ್ದಾರೆ. ಹಾಗಾದರೆ ಎಚ್ಚರದಿಂದ ಸೈಕಲ್ ನಡೆಸುವವನಿಗೆ ಫುಟ್‌ಪಾತಿನಲ್ಲಿ ದೋಷವೇನು?

ಉತ್ತರವನ್ನು ಲೆಕ್ಕದಿಂದಲೇ ಕೊಡಬಹುದು. ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯಬೇಕೆಂಬ ವಿಧಿಯಿದೆ. ಅದು ಸುಮಾರು 1.8 ಮೀಟರ್. ನಡೆಯುವವನು ಗಂಟೆಗೆ ನಾಲ್ಕೂವರೆ ಕಿಲೋಮೀಟರಿನಂತೆ ಸೆಕೆಂಡಿಗೆ ಒಂದೂಕಾಲು ಮೀಟರ್ ಸಾಗುತ್ತಾನೆ. ಕಂಡದ್ದನ್ನು ತಪ್ಪಿಸಲು ಅವನಿಗೆ ನಾಲ್ಕು ಮೊಳ ಸಾಕು. ಸಾಧಾರಣ ವೇಗದ ಸೈಕಲ್, ಗಂಟೆಗೆ 15 ಕಿಲೋಮೀಟರಿನಂತೆ, ಒಂದೇ ಸೆಕೆಂಡಿನಲ್ಲಿ ನಾಲ್ಕು ಮೀಟರಿಗಿಂತ ಹೆಚ್ಚು ಹೋಗುತ್ತದೆ. ಅಪಾಯವನ್ನರಿತು ಬ್ರೇಕ್ ಹಿಡಿಯಲು ಮನುಷ್ಯನಿಗೆ ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ನಾಲ್ಕು ಮೊಳ ಎಂದೋ ಕಳೆದುಹೋಗಿರುತ್ತದೆ. ಪೆಟ್ಟಿನ ಬಲವು ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. 75 ಕಿಲೋ ತೂಕದ ಮನುಷ್ಯನು 15 ಕಿಲೋ ತೂಕದ ಸೈಕಲಿನಲ್ಲಿ ಬರುವಾಗ ಹೊತ್ತು ತರುವ ಶಕ್ತಿಯು ಅವನೇ ನಡೆದು ಬರುವಾಗಿನದಕ್ಕಿಂತ ಸುಮಾರು 13 ಪಟ್ಟು. ಇಳಿಜಾರಿನಲ್ಲಿ, ಒದ್ದೆಯಾದ ಬ್ರೇಕಿನಲ್ಲಿ, ಪಾಚಿಗಟ್ಟಿದ ಚಪ್ಪಡಿಯ ಮೇಲೆ ಇನ್ನೂ ಕಠಿಣ.

ನಡೆಯುವಷ್ಟೇ ನಿಧಾನವಾಗಿ ತುಳಿದರಾಯಿತಲ್ಲವೇ ಎನ್ನಬಹುದು. ಸೈಕಲನ್ನು ಬಲ್ಲವರಿಗೆ ಗೊತ್ತು, ಆ ವೇಗದಲ್ಲಿ ಅದು ನೆಟ್ಟಗೆ ನಿಲ್ಲದು, ಎಡಬಲಕ್ಕೆ ಓಲಾಡುತ್ತದೆ. ಓಲಾಡದಷ್ಟು ವೇಗವಾಗಿ ಹೋದರೆ ಪಾದಚಾರಿಗೆ ಭಯ. ಇದಲ್ಲದೆ, ಎಚ್ಚರವೆಂಬುದು ಸವಾರನೊಬ್ಬನ ಕೈಯಲ್ಲಿರುವುದಲ್ಲ. ನಡೆಯುವವನು ಪರಿಚಿತರನ್ನು ಕಂಡು ತಟ್ಟನೆ ತಿರುಗುತ್ತಾನೆ, ಮಗು ಬಿದ್ದ ಚೆಂಡಿಗೆ ಬಗ್ಗುತ್ತದೆ, ಕುರುಡರ ಕೋಲು ಪಕ್ಕಕ್ಕೆ ಚಾಚುತ್ತದೆ. ಹಿಂದೆ ನೋಡದೆ ಇರುವ ಅಧಿಕಾರವನ್ನು ಮನುಷ್ಯನಿಗೆ ಕೊಡಲೆಂದೇ ಫುಟ್‌ಪಾತನ್ನು ಕಟ್ಟಿರುವುದು. ಅಲ್ಲಿಯೂ ಅವನು ಹಿಂದೆ ನೋಡುತ್ತಲೇ ನಡೆಯಬೇಕಾದರೆ ಆ ಚಪ್ಪಡಿಗಳಿಗೂ ರಸ್ತೆಗೂ ಭೇದವೇನು?

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಫುಟ್‌ಪಾತಿನ ಮೇಲೆ ಚಾಲಕರು ವಾಹನ ನಡೆಸಬಾರದೆಂದು 1989ರ ರಸ್ತೆ ನಿಯಮಗಳು ವಿಧಿಸಿದ್ದವು. 2017ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ಆದರೆ 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಗೆ ಸೈಕಲ್ ಒಳಪಡುವುದಿಲ್ಲ. 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ ಬ್ಯಾಟರಿ ಸೈಕಲುಗಳೂ ಅದರಿಂದ ಹೊರಗೆ. ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ದುಡುಕಿನಿಂದ ನಡೆಸುವುದು ಮಾತ್ರ ಅಪರಾಧ. ಹಿಂದೆ ದಂಡಸಂಹಿತೆಯ 279ನೆಯ ಕಲಮಿನಲ್ಲಿದ್ದ ಈ ವಿಧಿಯು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಲ್ಲಿದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅಡೆತಡೆಯಿಲ್ಲದ ಫುಟ್‌ಪಾತನ್ನು ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿಯೇ ಅಡಗಿದೆಯೆಂದು ಹೇಳಿತು. ಹಕ್ಕು ಸ್ಪಷ್ಟವಾಗಿದೆ, ಆದರೆ ಬೆಳಗಿನ ಎಂಟು ಗಂಟೆಗೆ ನಂತೂರಿನಲ್ಲಿ ಅದನ್ನು ಪಾಲಿಸುವುದು ಪ್ರತಿಯೊಬ್ಬರ ಅಂತಃಕರಣಕ್ಕೆ ಬಿಟ್ಟ ಮಾತು.

ಅನ್ಯದೇಶಗಳೂ ಈ ತೊಡಕನ್ನು ಕಂಡಿವೆ. ಇಂಗ್ಲೆಂಡಿನಲ್ಲಿ 1835ರ ಹೆದ್ದಾರಿ ಕಾಯಿದೆಯು ಫುಟ್‌ಪಾತಿನ ಮೇಲೆ ಗಾಡಿ ನಡೆಸುವುದನ್ನು ನಿಷೇಧಿಸಿತು. 1888ರಲ್ಲಿ ಸೈಕಲನ್ನೂ ಗಾಡಿಯೆಂದು ಪರಿಗಣಿಸಲಾಯಿತು. ಆದರೂ 1999ರಲ್ಲಿ ಸ್ಥಳದಲ್ಲೇ ದಂಡ ವಿಧಿಸುವ ಕ್ರಮ ಬಂದಾಗ, ವಾಹನಗಳ ಭಯದಿಂದ ಮೇಲೇರಿ ಇತರರನ್ನು ಗೌರವಿಸಿ ಸಾಗುವವರು ತಮ್ಮ ಗುರಿಯಲ್ಲವೆಂದು ಅಲ್ಲಿನ ಸಚಿವರು ಸ್ಪಷ್ಟಪಡಿಸಿದರು. ಜರ್ಮನಿಯಲ್ಲಿ 8 ವರ್ಷದೊಳಗಿನ ಮಕ್ಕಳು ಫುಟ್‌ಪಾತಿನ ಮೇಲೆಯೇ ತುಳಿಯಬೇಕು, 10 ವರ್ಷದವರೆಗೆ ತುಳಿಯಬಹುದು. ಜಪಾನಿನಲ್ಲಿ 13 ವರ್ಷದೊಳಗಿನವರಿಗೆ, 70 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಅನುಮತಿಯುಂಟು. ಇತರರಿಗೆ ಫಲಕವಿರುವಲ್ಲಿ ಅಥವಾ ರಸ್ತೆಯು ತೀರಾ ಅಪಾಯಕರವಾದಲ್ಲಿ ಮಾತ್ರ. ಮೇಲೇರಿದವನು ನಿಧಾನವಾಗಿ ಹೋಗಬೇಕು, ಪಾದಚಾರಿಗೆ ಅಡ್ಡಿಯಾಗುವಂತಿದ್ದರೆ ನಿಲ್ಲಬೇಕು. ಅಶಕ್ತರಿಗೆ ವಿನಾಯಿತಿ, ಶಕ್ತರಿಗೆ ಸಂಯಮ ಎಂಬ ವಿವೇಕವು ಈ ನಿಯಮಗಳಲ್ಲೆಲ್ಲ ಕಾಣುತ್ತದೆ.

ನನ್ನ ಅಭಿಪ್ರಾಯವಿಷ್ಟು. ಮಕ್ಕಳು ಮೇಲೆ ತುಳಿಯಲಿ. ನಾವು ಪಕ್ಕಕ್ಕೆ ಸರಿಯೋಣ. ಪ್ರಾಯಸ್ಥನು ಸಾಮಾನ್ಯ ರಸ್ತೆಯಲ್ಲಿ ರಸ್ತೆಯ ಮೇಲೆಯೇ ಹೋಗಬೇಕು. ನಂತೂರಿನಂತಹ ಸ್ಥಳದಲ್ಲಿ ರಸ್ತೆಗಿಳಿ, ಸಾಯಿ ಎಂದು ಅವನಿಗೆ ಯಾರೂ ಹೇಳಬಾರದು. ಅಲ್ಲಿ ಅವನು ಸೈಕಲಿನಿಂದ ಇಳಿದು ತಳ್ಳಿಕೊಂಡು ನಡೆಯಲಿ. ಇಳಿದ ಕ್ಷಣದಲ್ಲಿ ಅವನೂ ಪಾದಚಾರಿಯೇ. ಫುಟ್‌ಪಾತಿನ ಮೇಲೆ ಇತರರಷ್ಟೇ ಹಕ್ಕು ಅವನಿಗೂ ಉಂಟು. ಇದರ ವೆಚ್ಚವೆಷ್ಟು? ವೃತ್ತದ ಸುತ್ತಿನ 300 ಮೀಟರನ್ನು ತುಳಿದರೆ ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು, ನಡೆದರೆ ನಾಲ್ಕು ನಿಮಿಷ. ನಷ್ಟ ಮೂರು ನಿಮಿಷಕ್ಕೂ ಕಡಿಮೆ.

ಆದರೆ ಆ ಮೂರು ನಿಮಿಷವನ್ನು ಕೊಡಬೇಕಾದವನು ಸವಾರನೊಬ್ಬನೇ ಅಲ್ಲ. ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಗುಮಾಸ್ತನು ಬಂದಿರಲೇಬೇಕೆಂದು ಗಡಿಯಾರ ನೋಡುವವರು ನಾವು. ಸೈಕಲಿನಲ್ಲಿ ಬರುವ ನೌಕರನಿಗೆ ಹತ್ತು ನಿಮಿಷದ ಸಡಿಲಿಕೆ ಕೊಟ್ಟರೆ ಅದು ಅವನಿಗೂ ದಾನ, ಅವನು ದಾಟಿ ಬರುವ ವೃದ್ಧರಿಗೂ ದಾನ. ಫುಟ್‌ಪಾತಿನ ಮೇಲೆ ಗೋಣಿಚೀಲಗಳನ್ನೂ ನಾಮಫಲಕಗಳನ್ನೂ ಇಡುವ ವ್ಯಾಪಾರಿಗಳು ಸೈಕಲಿನವನಿಗೆ ಬುದ್ಧಿ ಹೇಳುವ ಮೊದಲು ತಮ್ಮ ಬಾಗಿಲ ಮುಂದಿನ ಜಾಗವನ್ನು ಅಳೆದು ನೋಡಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ವಸತಿ ಪ್ರದೇಶದಲ್ಲಿಯೂ ಕನಿಷ್ಠ 1.8 ಮೀಟರ್ ಅಗಲವು ತೆರವಾಗಿರಬೇಕು. ಮುನಿಗಳ ದೃಷ್ಟಿಗೆ ವಿಧಿಸಿದ ಆ ನಾಲ್ಕು ಮೊಳವೇ ಅದು.

ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಒಂದು ವಿನಂತಿ. ಉತ್ಸವ, ಪೂಜೆ, ಮುನಿಸಂಘದ ಆಗಮನಗಳ ದಿನ ನಮ್ಮ ಕಾರುಗಳು ಬಸದಿಯೆದುರಿನ ಫುಟ್‌ಪಾತನ್ನು ಆಕ್ರಮಿಸದಂತೆ ಸ್ವಯಂಸೇವಕರನ್ನು ನೇಮಿಸಬಹುದು. ಪ್ರಾಕಾರದೊಳಗೆ ಸೈಕಲ್ ನಿಲ್ಲಿಸಲು ನೆರಳಿರುವ ಸ್ಥಳವನ್ನು ಮೀಸಲಿಡಬಹುದು. ರಸ್ತೆಯ ಬದಿಯಲ್ಲಿ ಪ್ರತ್ಯೇಕ ಸೈಕಲ್ ಪಥ ಬೇಕೆಂದು ಮಹಾನಗರ ಪಾಲಿಕೆಗೂ ಹೆದ್ದಾರಿ ಪ್ರಾಧಿಕಾರಕ್ಕೂ ಸಂಸ್ಥೆಯ ಮುದ್ರೆಯೊಂದಿಗೆ ಮನವಿ ಬರೆಯಬಹುದು. ನಂತೂರಿನ ವೃತ್ತವು ಮುಂದೆ ಯಾವ ರೂಪ ತಾಳಿದರೂ ಈ ಮೂರು ಕೆಲಸಗಳು ವ್ಯರ್ಥವಾಗಲಾರವು. ಪಾದವಿಹಾರ ಮಾಡುವ ನಮ್ಮ ಮುನಿಗಳೂ ಆರ್ಯಿಕೆಯರೂ ನಡೆಯುವುದು ಇವೇ ರಸ್ತೆಗಳ ಅಂಚಿನಲ್ಲಿ. ಅವರ ಹಿಂದೆ ನಾವು ಭಕ್ತಿಯಿಂದ ಒಂದೆರಡು ಮೈಲಿ ನಡೆದು ಮರಳುತ್ತೇವೆ. ಅಂತಹ ಅಂಚನ್ನು ಯಾವ ವಾಹನವೂ ಹಿಂದಿನಿಂದ ಬಾರದ ಸ್ಥಳವನ್ನಾಗಿ ಉಳಿಸಿಕೊಡುವುದೂ ಆ ಭಕ್ತಿಯ ಭಾಗವೇ ಎಂದು ಈ ತ್ರೈಮಾಸಿಕದ ವಾಚಕರು ಒಪ್ಪುವರೆಂದು ಭಾವಿಸುತ್ತೇನೆ.