ಬೆಂಗಳೂರು–56

ಮಲ್ಲತ್ತಹಳ್ಳಿ ಕಡೆಯಿಂದ ಜ್ಞಾನಭಾರತಿಗೆ ಬರುವ ದಾರಿಯಲ್ಲಿ ನಮ್ಮ ಮಳಿಗೆ ಸಾಲು ಇತ್ತು. ಶೀಟಿನ ಮಾಡಿನ ಏಳು ಅಂಗಡಿ, ಎದುರಿಗೊಂದು ಹೊಂಗೆ ಮರ. ಕಳೆದ ತಿಂಗಳು ಮಾಲೀಕರು ಖಾಲಿ ಮಾಡಿಸಿದರು. ಅಲ್ಲಿ ಐದಂತಸ್ತಿನ ಪಿ.ಜಿ. ಏಳುತ್ತದಂತೆ. ಸಾಮಾನು ಇಳಿಸಿಕೊಡಲು ತಮ್ಮನ ಮಗಳು ಬಂದಿದ್ದಳು. ಅಟ್ಟದಿಂದ ಇಳಿದವಳ ಒಂದು ಕೈಯಲ್ಲಿ ಪುಸ್ತಕ ಹೊಲಿಯುವ ಮರದ ಚೌಕಟ್ಟು, ಇನ್ನೊಂದರಲ್ಲಿ ನನ್ನ ಹಳೇ ರೆಜಿಸ್ಟರು.

"ದೊಡ್ಡಪ್ಪ, ಕೈಯಲ್ಲೇ ಹೊಲಿದ ನೋಟ್‌ಬುಕ್ ಮಾಡಿ ಆನ್‌ಲೈನ್‌ನಲ್ಲಿ ಮಾರೋಣ ಅಂತಿದೀನಿ. ಮೊದಲು ಏನು ಮಾಡಬೇಕು?" ಅಂದಳು.

"ನಿನ್ನ ಕೈಲಿದೆಯಲ್ಲ, ಅದನ್ನ ಮಾಡು" ಅಂದೆ. ಅವಳು ಚೌಕಟ್ಟಿನ ಕಡೆ ನೋಡಿದಳು. ನಾನು ಹೇಳಿದ್ದು ರೆಜಿಸ್ಟರಿನ ಮಾತು.

ಬೆಂಗಳೂರು ವಿಶ್ವವಿದ್ಯಾಲಯ ಸೆಂಟ್ರಲ್ ಕಾಲೇಜಿನಿಂದ ಇಲ್ಲಿಗೆ ಬಂದದ್ದು 1973ರಲ್ಲಿ. ಸಾವಿರದ ನೂರು ಎಕರೆ ಬಯಲು. ನಾನು ಅಂಗಡಿ ಇಟ್ಟಾಗಲೂ ಸಂಜೆ ಏಳಾದರೆ ಬಿ.ಟಿ.ಎಸ್. ಬಸ್ಸಿಗೆ ಕಾಯುವವರ ಹೊರತು ರಸ್ತೆಯಲ್ಲಿ ಜನರಿರುತ್ತಿರಲಿಲ್ಲ. ಟೈಪಿಂಗ್, ಜೆರಾಕ್ಸ್, ಬೈಂಡಿಂಗ್ ಅಂತ ಬೋರ್ಡು ಬರೆಸಿದ್ದೆ. ಟೈಪಿಂಗ್ ನನ್ನದು. ಬೈಂಡಿಂಗ್ ತಾತನದು.

ತಾತ ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಹುಡುಗನಾಗಿದ್ದಾಗಲೇ ಕೆಲಸ ಕಲಿತು ಬಂದವರು. ಬೆಳಿಗ್ಗೆ ಅಂಗಡಿಯ ಹಿಂದೆ ಸೀಮೆಎಣ್ಣೆ ಸ್ಟೌ ಹಚ್ಚಿ, ಮೈದಾ ಹಿಟ್ಟು ಗಂಟಾಗದ ಹಾಗೆ ತಿರುವುತ್ತಾ ಅಂಟು ಕಾಯಿಸುತ್ತಿದ್ದರು. ಇಳಿಸುವ ಮುಂಚೆ ಚಿಟಿಕೆ ಮೈಲುತುತ್ತ. ಬೆಂದ ಹಿಟ್ಟಿನ ಸಪ್ಪೆ ಸಿಹಿ, ಅದರೊಳಗೆ ತಾಮ್ರದ ಕಹಿ. ಹುಳ ಬರಬಾರದು ಅಂತ ಹಾಕುವ ವಿಷ ಅದು. ನನಗೆ ಮಾತ್ರ ಅದು ಅನ್ನದ ವಾಸನೆ. ರೆಜಿಸ್ಟರಿನ ರಟ್ಟಿನಲ್ಲಿ ಅದರ ಎಳೆಯೊಂದು ಇನ್ನೂ ಇದೆ. ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ.

ಅವರ ವ್ಯಾಪಾರ ಹೇಗಿತ್ತು ಅನ್ನುವುದಕ್ಕೆ ಒಂದೇ ಪ್ರಸಂಗ ಹೇಳುತ್ತೇನೆ. ಮಾಗಡಿ ಕಡೆಯ ಹುಡುಗಿ, ಪಿಎಚ್.ಡಿ. ಮುಗಿಸಿದವಳು, ಐದು ಪ್ರತಿ ಬೈಂಡ್ ಮಾಡಿಸಲು ಬಂದಳು. ಜೊತೆಯಲ್ಲಿ ಅಪ್ಪ, ಹೆಗಲ ಮೇಲೆ ಟವೆಲ್ಲು. ತಾತ ರೇಟು ಹೇಳಿದರು. ಆತ ಅರ್ಧಕ್ಕೆ ಕೇಳಿದರು, ತಾತ ಒಪ್ಪಲಿಲ್ಲ. ಕಾಲು ಭಾಗವಾದರೂ ಬಿಡಿ ಅಂದರು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ತಾತ ಕೇಳಿದರು: "ಐದರಲ್ಲಿ ಮನೆಗೆ ಎಷ್ಟು ಹೋಗುತ್ತೆ ಯಜಮಾನ್ರೇ?" "ಒಂದು." "ಹಾಗಾದ್ರೆ ನಾಲ್ಕಕ್ಕೆ ಕಾಸು ಕೊಡಿ. ಮನೇದು ನನ್ನ ಲೆಕ್ಕ. ಬಿಚ್ಚಿಕೊಂಡ್ರೆ ವಾಪಸ್ ತನ್ನಿ, ಹತ್ತು ವರ್ಷ ಆಗಿದ್ರೂ ತನ್ನಿ." ಆ ಮನೆಯ ಪ್ರತಿಗೆ ಅವರು ಕೆಂಪು ರೆಕ್ಸಿನ್ ಹಾಕಿದರು, ಬೆನ್ನಿನ ಮೇಲೆ ಅವಳ ಹೆಸರನ್ನು ಚಿನ್ನದಕ್ಷರದಲ್ಲಿ ಒತ್ತಿದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಬೆರಳಿನಿಂದ ಅಕ್ಷರ ಸವರಿ ನೋಡಿ ದುಡ್ಡು ಎಣಿಸಿದರು, ಐದಕ್ಕೂ ಕೊಟ್ಟರು.

ಅಂಚೆ ವ್ಯಾಪಾರ ಶುರುವಾದದ್ದು ಒಂದು ಕಾರ್ಡಿನಿಂದ. ವಿಶ್ವವಿದ್ಯಾಲಯದಲ್ಲಿ ಅಂಚೆ ಮೂಲಕ ಓದುವವರಿದ್ದರು. ಹಗಲು ನೌಕರಿ, ರಾತ್ರಿ ಓದು. ಗೌರಿಬಿದನೂರಿನ ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರು ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆ ಸಿಗುತ್ತವೆಯೇ ಎಂದು ಬರೆದಿದ್ದರು. ಜೆರಾಕ್ಸ್ ಮಾಡಿ ಕಳಿಸಿದೆ. ವಾರ ಕಳೆದ ಮೇಲೆ ಎಂ.ಒ., ಅಂದರೆ ಮನಿಯಾರ್ಡರು, ಬಂತು. ಫಾರಂನ ಕೆಳತುದಿಯಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಅಲ್ಲಿ "ತಲುಪಿತು. ಇಲ್ಲಿ ಇನ್ನೂ ನಾಲ್ವರಿಗೆ ಬೇಕು" ಎಂದು ಬರೆದು ನಾಲ್ಕು ವಿಳಾಸ ಕೊಟ್ಟಿದ್ದರು. ಅವತ್ತು ತಾತನ ಕೈಲಿ ಒಂದು ರೆಜಿಸ್ಟರು ಹೊಲಿಸಿದೆ. ಮೊದಲ ಪುಟದಲ್ಲಿ ಆ ಐದು ವಿಳಾಸ. ಕೋಲಾರ, ತುಮಕೂರು, ಕನಕಪುರ, ದೊಡ್ಡಬಳ್ಳಾಪುರ ಅಂತ ಪುಟ ತುಂಬುತ್ತಾ ಹೋಯಿತು. ಪ್ರತಿ ಲಕೋಟೆಯ ಎಡಮೂಲೆಯಲ್ಲೂ "ಇಂದ" ಅಂತ ನಮ್ಮ ವಿಳಾಸ, ಕೊನೆಯಲ್ಲಿ ಬೆಂಗಳೂರು–56. ಜೂನ್ ಬಂದರೆ ನಾವೇ ಕಾರ್ಡು ಬರೆಯುತ್ತಿದ್ದೆವು: ಈ ವರ್ಷ ಸಿಲಬಸ್ ಬದಲಾಗಿದೆ, ಹಳೆಯದನ್ನು ನಂಬಬೇಡಿ.

ಇದು ನಮ್ಮ ಬುದ್ಧಿವಂತಿಕೆಯೇನಲ್ಲ. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ್ದು, ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರ ಪಟ್ಟಿ ಕಟ್ಟಿಕೊಂಡು ಅವರ ಮನೆಗೇ ಪುಸ್ತಕ ಮುಟ್ಟಿಸಿದ್ದು ಕನ್ನಡದವರಿಗೆ ಗೊತ್ತಿರುವ ಸಂಗತಿ. ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿಯವರ ಬಂಡವಾಳ ಅಂದರೆ ಆ ಪಟ್ಟಿಯೇ ಅಂತ ನನ್ನ ನಂಬಿಕೆ.

ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ರೆಜಿಸ್ಟರಿನೊಳಗೆ ಒಂದು ಕಾರ್ಡು ಇಟ್ಟುಕೊಂಡಿದ್ದೇನೆ. ಮಧುಗಿರಿಯ ಒಬ್ಬ ಹೆಣ್ಣುಮಗಳು ಮುಂಗಡ ದುಡ್ಡು ಕಳಿಸಿದ್ದಳು. ನಾನು ನಾಲ್ಕು ದಿನ ತಡಮಾಡಿದೆ. "ಪರೀಕ್ಷೆ ಮುಗಿದ ಮೇಲೆ ತಲುಪಿತು, ವಂದನೆಗಳು" ಎಂದಷ್ಟೇ ಬರೆದಿದ್ದಾಳೆ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಇವತ್ತಾದರೆ ಅವಳ ಮೊಬೈಲಿಗೆ ಒಂದು ನಿಮಿಷದಲ್ಲಿ ಪಿ.ಡಿ.ಎಫ್. ಹೋಗುತ್ತಿತ್ತು. ಇಡೀ ಪಠ್ಯಪುಸ್ತಕಗಳನ್ನು ಜೆರಾಕ್ಸ್ ಮಾಡಿ ಮಾರಿದ್ದೂ ಉಂಟು. ಬರೆದವರಿಗೆ ನಾವು ಮೋಸ ಮಾಡಿದೆವು, ಆಗ ಯಾರೂ ಅದನ್ನು ಮೋಸ ಅನ್ನುತ್ತಿರಲಿಲ್ಲ ಅಷ್ಟೆ. ತಾತನಿಗೆ ಕೊನೆಗಾಲದಲ್ಲಿ ಕೆಮ್ಮು ಹತ್ತಿಕೊಂಡಿತು. ಪಿಂಚಣಿ ಇಲ್ಲ, ಪಿ.ಎಫ್. ಇಲ್ಲ. ಅವರ ಇಬ್ಬರು ಮಕ್ಕಳೂ ಈ ಕೆಲಸಕ್ಕೆ ಬರಲಿಲ್ಲ. ಬರದಿದ್ದದ್ದೇ ಸರಿ.

ಟೈಪ್‌ರೈಟರ್ ಹೋಗಿ ಡಿ.ಟಿ.ಪಿ. ಬಂತು, ಶ್ರೀಲಿಪಿ, ಬರಹ, ನುಡಿ ಅಂತ ಕನ್ನಡ ತಂತ್ರಾಂಶಗಳು ಬಂದವು. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಯಾರು ಬೇಕಾದರೂ ಓದುವ ಹಾಗಾದವು, ಅದು ಒಳ್ಳೆಯದೇ. 2007ರಲ್ಲಿ ಇದೇ ಊರಿನ ಇನ್ನೊಂದು ಮೂಲೆ ಕೋರಮಂಗಲದಲ್ಲಿ ಇಬ್ಬರು ಹುಡುಗರು ಫ್ಲಿಪ್‌ಕಾರ್ಟ್ ಅಂತ ಪುಸ್ತಕದ ಅಂಗಡಿ ತೆರೆದರು. ಅಂಗಡಿ ಅಂದರೆ ಕಂಪ್ಯೂಟರಿನೊಳಗೆ. ಮೊದಲ ಆರ್ಡರ್ ಹೋದದ್ದು ಮೆಹಬೂಬ್‌ನಗರಕ್ಕೆ. ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು, ಬಂದುಹೋಗುವವರ ಕೈಗೆ ಬುಕ್‌ಮಾರ್ಕ್ ಕೊಟ್ಟು ಪ್ರಚಾರ ಮಾಡಿದರು ಅನ್ನುವುದನ್ನು ಅವರ ಕಥೆ ಹೇಳುವವರೆಲ್ಲ ಹೇಳುತ್ತಾರೆ. ತಮ್ಮನ ಮಗಳಿಗೆ ನಾನು ಒತ್ತಿ ಹೇಳಿದ್ದು ಇದನ್ನೇ. ಕೋಟಿಗಟ್ಟಲೆ ಬಂಡವಾಳ ಆಮೇಲೆ ಬಂತು. ಮೊದಲು ಪುಸ್ತಕ ಓದುವವರು ಓಡಾಡುವ ಕಡೆ ಹೋಗಿ ನಿಂತರು. 2010ರಲ್ಲಿ ಅವರು ಮನೆ ಬಾಗಿಲಲ್ಲಿ ದುಡ್ಡು ಕೊಡುವ ಪದ್ಧತಿ ತಂದಾಗ ಪತ್ರಿಕೆಗಳು ಹೊಸದು ಹೊಸದು ಅಂದವು. ನನಗೆ ವಿ.ಪಿ.ಪಿ. ನೆನಪಾಯಿತು. ಪೋಸ್ಟ್‌ಮ್ಯಾನ್ ಪಾರ್ಸೆಲ್ ಕೊಟ್ಟು ದುಡ್ಡು ಇಸಿದುಕೊಳ್ಳುವುದು, ಗಿರಾಕಿ ಬೇಡವೆಂದರೆ ಅಂಚೆ ಖರ್ಚು ಮಾರಿದವನ ತಲೆಗೆ ಬರುವುದು, ಎಲ್ಲ ಅದೇ.

ಕೆಲವು ವರ್ಷಗಳ ನಂತರ ನಾನೂ ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಗೆ ಸೇರಿದೆ. ಹೆಸರು ಬೇಡ. ಹಳೇ ಪುಸ್ತಕ, ಗೈಡು ಇಟ್ಟೆ. ನಿಜ ಹೇಳಬೇಕು, ಆರ್ಡರ್ ಮಳೆ ಸುರಿದ ಹಾಗೆ ಬಂತು. ಹಾಸನ, ರಾಯಚೂರು, ಮುಂಬೈನ ಕನ್ನಡದವರು, ಎಲ್ಲಿಂದೆಲ್ಲಿಂದಲೋ. ಲೇಬಲ್ ಅವರೇ ಕೊಡುವುದು, ನಾನು ಅಂಟಿಸುವುದು. ಗಿರಾಕಿಗೆ ನಾನಾಗಿ ಬರೆಯಕೂಡದು ಅನ್ನುವುದು ಕರಾರು. ಒಬ್ಬ ಪರೀಕ್ಷೆ ಮುಗಿಸಿಕೊಂಡು, ಪುಟಪುಟಕ್ಕೂ ಪೆನ್ಸಿಲ್ ಗುರುತು ಹಾಕಿ, ಗೈಡನ್ನು ವಾಪಸ್ ಮಾಡಿದ. ನನ್ನ ಖಾತೆಯಿಂದ ದುಡ್ಡು ಕಡಿದರು. ಯಾರಿಗೆ ಹೇಳಬೇಕು ಅಂತ ಹುಡುಕಿದರೆ ಮನುಷ್ಯರೇ ಸಿಗಲಿಲ್ಲ. ಒಂದು ದಿನ ರ‍್ಯಾಂಕಿಂಗ್ ಅದೇನೋ ಬದಲಾಗಿ ಆರ್ಡರ್ ನಿಂತಿತು. ಎರಡು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಪಾರ್ಸೆಲ್ ಕಳಿಸಿದ್ದೆ. ರೆಜಿಸ್ಟರಿಗೆ ಒಂದು ವಿಳಾಸವೂ ಸೇರಿರಲಿಲ್ಲ. ಅಷ್ಟು ಜನ ನನ್ನಿಂದ ಕೊಂಡಿದ್ದರೂ ನನ್ನ ಗಿರಾಕಿ ಅನ್ನುವವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಈಗಿನದಕ್ಕೆ ನನ್ನ ದೂರು ಇದೊಂದೇ. ವೇಗ ಒಳ್ಳೆಯದು, ಯು.ಪಿ.ಐ. ಒಳ್ಳೆಯದು. ಎಂ.ಒ.ಗೆ ಮೂರು ವಾರ ಕಾದವನಿಗೆ ಅದರ ಬೆಲೆ ಗೊತ್ತು. ಆದರೆ ಮಾರುವವನನ್ನೂ ಕೊಳ್ಳುವವನನ್ನೂ ಒಬ್ಬರಿಗೊಬ್ಬರು ಅಪರಿಚಿತರನ್ನಾಗಿ ಇಟ್ಟು ನಡುವೆ ಕೂತವರು ಬೆಳೆದರು. ಇನ್ನು ಮೊಬೈಲಿನಲ್ಲಿ ಬಂದು ಒಂದೇ ತಿಂಗಳಲ್ಲಿ ಲಕ್ಷ ದುಡಿಯುವುದು ಹೇಗೆ ಎಂದು ಕೋರ್ಸು ಮಾರುವವರಿದ್ದಾರೆ. ಅವರಲ್ಲಿ ಬಹಳ ಜನರಿಗೆ ಆ ಕೋರ್ಸು ಬಿಟ್ಟರೆ ಬೇರೆ ವ್ಯಾಪಾರವೇ ಇಲ್ಲ. ಈ ಹುಡುಗಿಯೂ ಒಂದಕ್ಕೆ ಆರು ಸಾವಿರ ಕಟ್ಟಿ ಬಂದಿದ್ದಳು. ಆ ದುಡ್ಡಿಗೆ ಎಷ್ಟು ರೀಮು ಕಾಗದ ಬರುತ್ತಿತ್ತು!

ಅವಳಿಗೆ ನಾನು ಹೇಳಿದ್ದು ಇಷ್ಟು. ಮೊದಲು ಹತ್ತೇ ನೋಟ್‌ಬುಕ್ ಹೊಲಿ. ಹಗಲು ಬೆಳಕಲ್ಲಿ, ಕಿಟಕಿ ಪಕ್ಕ ಇಟ್ಟು ಫೋಟೋ ತೆಗಿ. ಹೊಲಿಗೆ ಕಾಣುವ ಹಾಗೆ ಬಿಚ್ಚಿಟ್ಟು ಒಂದು ತೆಗಿ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಬೆಲೆ, ಅಳತೆ, ಕಳಿಸುವ ಖರ್ಚು ಮೂರನ್ನೂ ಮೊದಲೇ ಬರೆ. ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ಏಜೆಂಟರಿಗೆ ಕಾಸು ಕೊಡಬೇಡ. ವ್ಯಾಪಾರದ ದುಡ್ಡಿಗೆ ಬೇರೆ ಖಾತೆ ಇರಲಿ. 2025ರ ಜುಲೈನಲ್ಲಿ ಯು.ಪಿ.ಐ. ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸು ಬಂದಾಗ ಬೇಕರಿ, ಕಾಂಡಿಮೆಂಟ್ಸಿನವರು ಕ್ಯೂ.ಆರ್. ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದುಹಾಕಿದ್ದನ್ನು ಅವಳೂ ನೋಡಿದ್ದಾಳೆ. ತಂಗಿ ಕೊಟ್ಟ ಕೈಗಡವೂ ವ್ಯಾಪಾರದ ದುಡ್ಡೂ ಒಂದೇ ಖಾತೆಗೆ ಬಿದ್ದಿದ್ದರೆ ಯಾವುದು ಯಾವುದು ಅಂತ ತೋರಿಸುವುದು ಕಷ್ಟ. ರಾಜ್ಯದೊಳಗೇ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಮಾರುವುದಾದರೆ ಮೊದಲು ಈ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಅಲ್ಲೂ ಸಡಿಲವಾಗಿದೆ. ಅಲ್ಲಿಗೂ ಹೋಗು, ಬೇಡ ಅನ್ನುವುದಿಲ್ಲ. ಆದರೆ ನಿನ್ನ ಬೇರು ಅಲ್ಲಿರಬಾರದು.

"ಬಿಚ್ಚಿಕೊಂಡರೆ ಎಷ್ಟು ದಿನದೊಳಗೆ ವಾಪಸ್ ಅಂತ ಹಾಕಲಿ? ಎಲ್ಲರೂ ಏಳು ದಿನ ಅಂತಾರೆ" ಅಂದಳು. ತಾತನ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬರೆದುಕೊಂಡಳು.

ಕ್ಯಾಂಪಸ್ಸಿನ ಅಂಚೆ ಕಚೇರಿಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ನಾವು ಆತುಕೊಂಡಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. ಪುಸ್ತಕವನ್ನು ಅಗ್ಗದಲ್ಲಿ ಊರು ಮುಟ್ಟಿಸುತ್ತಿದ್ದ ದಾರಿ ಅದು. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿತು. ಒಂದು ನೋಟ್‌ಬುಕ್ಕಿಗೆ ಸ್ಪೀಡ್ ಪೋಸ್ಟಿನ ದರ ಕೇಳಿ ಅವಳ ಮುಖ ಸಣ್ಣದಾಯಿತು. ಮೂರು ಒಟ್ಟಿಗೆ ಕೊಂಡವರಿಗೆ ಖರ್ಚು ಹಂಚಿಹೋಗುವ ಹಾಗೆ ಕಟ್ಟು ಮಾಡು ಅಂದೆ.

ಮೈಲುತುತ್ತ ಈಗ ನಾವು ಹಾಕುವುದಿಲ್ಲ, ಪೇಟೆಯ ಅಂಟೇ ಸಾಕು. ಚೌಕಟ್ಟು ಮಾತ್ರ ತಾತನದೇ. ಮೊದಲ ಹತ್ತರಲ್ಲಿ ನಾಲ್ಕು ಪರಿಚಯದವರು ಕೊಂಡರು, ಆರು ಉಳಿದವು. ಭಾನುವಾರ ಜ್ಞಾನಭಾರತಿ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ಅವನ್ನು ಹಿಡಿದು ನಿಂತಳು. ಆ ನಿಲ್ದಾಣ ಶುರುವಾದದ್ದು 2021ರ ಆಗಸ್ಟ್ ಕೊನೆಯಲ್ಲಿ. ನಮ್ಮ ಕಾಲಕ್ಕೆ ಅಲ್ಲಿ ಮೈಸೂರು ರಸ್ತೆಯ ಧೂಳು, ವೃಷಭಾವತಿಯ ನಾತ ಎರಡೇ. ಆರೂ ಹೋದವು. ಕೊಂಡವರ ಹೆಸರು, ಊರು, ಫೋನ್ ನಂಬರನ್ನು ಕೇಳಿ, ಒಪ್ಪಿದವರದ್ದನ್ನು ಮಾತ್ರ ಬರೆದುಕೊಂಡು ಬಂದಳು. ಮೊಬೈಲಿನಲ್ಲಿ ಬರೆದುಕೊಂಡಿದ್ದಾಳೆ ಅಂದುಕೊಂಡಿದ್ದೆ. ನನ್ನ ರೆಜಿಸ್ಟರಿನ ಹಿಂದಿನ ಖಾಲಿ ಪುಟಗಳಿಗೆ ಇಳಿಸಿದ್ದಾಳೆ.

ಹೋದ ಸೋಮವಾರ ಮಳಿಗೆ ಸಾಲಿನ ಗೋಡೆ ಉರುಳಿಸಿದರು, ಹೊಂಗೆ ಮರವೂ ಹೋಯಿತು. ರೆಜಿಸ್ಟರಿನಲ್ಲಿ ಹೊಸ ವಿಳಾಸಗಳು ಈಗ ಹದಿನೇಳು. ಹದಿನೇಳನೆಯದು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯದು, ಮೂರು ನೋಟ್‌ಬುಕ್, ದುಡ್ಡು ಬಂದಿದೆ, ನಾಳೆ ಅಂಚೆಗೆ ಹಾಕಬೇಕು.