ಬೀಗರೂ ಹೊಳೆಯೂ

ಮಲೆನಾಡಿನ ಮನೆಗಳಲ್ಲಿ ದೂರದಿಂದ ಬಂದ ಬೀಗರನ್ನು ಮದುವೆಯಾದ ಮೇಲೆ ಎರಡು ದಿನವಾದರೂ ಉಳಿಸಿಕೊಳ್ಳದಿದ್ದರೆ ಮನೆಯವರಿಗೆ ಸಮಾಧಾನವಿಲ್ಲ. ಉಣಬಡಿಸುವುದರಲ್ಲಿ ನಮ್ಮವರು ನಿಪುಣರೇ ಸರಿ. ಆದರೆ ಊಟಕ್ಕೂ ಊಟಕ್ಕೂ ನಡುವಣ ಹೊತ್ತನ್ನು ಬಂದವರು ಹೇಗೆ ಕಳೆಯಬೇಕೆಂಬುದನ್ನು ಯೋಚಿಸುವವರು ವಿರಳ. ಈ ವಿಷಯದಲ್ಲಿ ನನಗಾದ ಅನುಭವವೊಂದನ್ನು ಗೃಹಸ್ಥರಾದ ವಾಚಕರ ಮುಂದಿಡುತ್ತೇನೆ. ಇದರಲ್ಲಿ ನನ್ನ ಹೆಚ್ಚಳವೇನೂ ಇಲ್ಲ. ತಪ್ಪು ಮಾತ್ರ ಇದೆ.

ಹೋದ ವೈಶಾಖದಲ್ಲಿ ನನ್ನ ತಮ್ಮನ ಮಗಳ ವಿವಾಹವು ತೀರ್ಥಹಳ್ಳಿಗೆ ಸಮೀಪದಲ್ಲಿ, ತುಂಗಾನದಿಯ ದಡದಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ನಡೆಯಿತು. ವರನ ಕಡೆಯವರು ಬೆಂಗಳೂರಿನವರು. ಧಾರೆಯ ಮರುದಿನ ಅವರಲ್ಲಿ ಹದಿನಾಲ್ಕು ಮಂದಿ ನಮ್ಮಲ್ಲಿಯೇ ನಿಂತರು. "ಅಣ್ಣಾ, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ನಿನಗೆ ಅಭ್ಯಾಸವಿದೆ. ಇವರನ್ನೂ ನೀನೇ ನೋಡಿಕೊ" ಎಂದು ತಮ್ಮನು ಆ ಭಾರವನ್ನು ನಿವೃತ್ತನಾದ ನನ್ನ ಮೇಲೆ ಹೊರಿಸಿದನು. ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಬಲ್ಲವರು ಹೇಳುವುದುಂಟು. ತಿಥಿ ವಾರ ನಕ್ಷತ್ರಗಳನ್ನು ಅಚ್ಚುಹಾಕಿಸಿ ನಾವೇ ಕರೆಸಿಕೊಂಡವರ ವಿಷಯದಲ್ಲಿ ನಮ್ಮ ಹೊಣೆ ಇನ್ನೂ ಹೆಚ್ಚಿನದಲ್ಲವೆ?

ಮೊದಲನೆಯ ದಿನ ಎರಡು ವಾಹನಗಳಲ್ಲಿ ಎಲ್ಲರನ್ನೂ ಸುತ್ತಿಸಿದೆನು. ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳಿಗೆ ಮೈತೊಳೆಯುವುದು ಬೆಳಗಿನ ಹೊತ್ತು. ಬೀಗರ ಉಪಾಹಾರವು ಮುಗಿದು ನಾವು ಅಲ್ಲಿಗೆ ತಲಪುವಷ್ಟರಲ್ಲಿ ಆನೆಗಳು ಕಾಡಿಗೆ ಹಿಂದಿರುಗಿದ್ದುವು. ಮಂಡಗದ್ದೆಯಲ್ಲಿ ಹೊಳೆಯ ನಡುವಣ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ; ವೈಶಾಖದಲ್ಲಿ ಬರಿಯ ಕೊಂಬೆಗಳನ್ನು ನೋಡಿ ಬಂದೆವು. ಕುಪ್ಪಳಿಯ ಕವಿಶೈಲದಲ್ಲಿ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಮಾಧಿಯ ಮುಂದೆ ಎಲ್ಲರೂ ಕೈಮುಗಿದರಾದರೂ ನಡುಹಗಲ ಬಂಡೆಯ ಕಾವಿಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಸಂಜೆ ಆಗುಂಬೆಗೆ ಹೋದರೆ ಸೂರ್ಯನು ಮೋಡದ ಮರೆಯಲ್ಲಿಯೇ ಅಸ್ತಮಿಸಿದನು. ಮನೆಗೆ ಬಂದಾಗ ವರನ ಅಜ್ಜಿಯವರು ನಗುತ್ತ, "ಮೇಷ್ಟ್ರೇ, ದಿನವೆಲ್ಲ ಕಾರಿನ ಕಿಟಕಿ ನೋಡಿದ್ದಾಯಿತು. ನಿಮ್ಮ ಮನೆಯ ಹಿಂದಿನ ಹೊಳೆಯನ್ನು ಯಾವಾಗ ತೋರಿಸುತ್ತೀರಿ?" ಎಂದರು. ಆ ಮಾತು ನನಗೆ ನಾಟಿತು.

ಮಾರನೆಯ ಬೆಳಗ್ಗೆ ಅಡಿಕೆಯ ತೋಟವನ್ನು ದಾಟಿ, ಕಾನಿನ ಕಾಲುದಾರಿಯಲ್ಲಿ ಹೊಳೆಗೆ ಇಳಿದೆವು. ನಮ್ಮ ತೋಟದ ಕೆಲಸಕ್ಕೆ ಬರುವ ಪ್ರೌಢನೊಬ್ಬನು, ಮಕ್ಕಳಿಗೆ ಕಾಡುಮಾವಿನ ಹಣ್ಣನ್ನು ಕೆಡಹಿಕೊಡಲೆಂದು ದೋಟಿಯನ್ನು ಹೆಗಲಮೇಲಿಟ್ಟುಕೊಂಡು ಹಿಂದೆ ಬಂದನು. ಬೇಸಗೆಯ ತುಂಗೆ ತೆಳುವಾಗಿ ಬಂಡೆಗಳ ಸಂದಿನಲ್ಲಿ ಹರಿಯುತ್ತಿದ್ದಿತು. ನೋಡುವವರಿಗೆ ಮೊಣಕಾಲುದ್ದದ ನೀರು. ಆದರೆ ಬಂಡೆಗಳ ನಡುವೆ ಆಳಿನುದ್ದಕ್ಕೂ ಮೀರಿದ ಗುಂಡಿಗಳಿವೆ. ಇದನ್ನು ನಾನು ಬಾಲ್ಯದಿಂದ ಬಲ್ಲೆನು. ಬಲ್ಲೆನಾದುದರಿಂದಲೇ ಹೇಳಬೇಕೆಂದು ತೋರಲಿಲ್ಲ.

ಅದಕ್ಕೆ ಬದಲಾಗಿ ನಾನು ಮಾಡಿದುದೇನೆಂದರೆ, ಎಲ್ಲರನ್ನೂ ಹಾಸುಬಂಡೆಯ ಮೇಲೆ ಕುಳ್ಳಿರಿಸಿ ಪಾಠವನ್ನು ಪ್ರಾರಂಭಿಸಿದುದು. ಅಮರಕೋಶದಲ್ಲಿ ನದಿಗೆ ಎಷ್ಟು ಹೆಸರುಗಳಿವೆ, ತಟವುಳ್ಳದ್ದು ತಟಿನೀ, ತರಂಗಗಳುಳ್ಳದ್ದು ತರಂಗಿಣೀ ಎಂದು ವಿವರಿಸುತ್ತ, "ಶೈವಲವೆಂದರೆ ಪಾಚಿ, ಪಾಚಿಯುಳ್ಳದ್ದಾದುದರಿಂದ ನದಿಗೆ ಶೈವಲಿನೀ ಎಂದು ಹೆಸರು" ಎಂದು ಬೆರಳೆತ್ತಿ ಹೇಳುತ್ತಿದ್ದೆನು. ಅಷ್ಟರಲ್ಲಿ, ನೀರಿನ ಮೇಲೆ ಕಲ್ಲನ್ನು ಕುಪ್ಪಳಿಸುವಂತೆ ಎಸೆಯುತ್ತಿದ್ದ ವರನ ಅಕ್ಕನ ಮಗನು, ಹತ್ತು ವರ್ಷದ ಹುಡುಗನು, ಇನ್ನೊಂದು ಬಂಡೆಗೆ ಹಾರಿ, ಆ ಪಾಚಿಯ ಮೇಲೆಯೇ ಕಾಲಿಟ್ಟು ಜಾರಿ ಗುಂಡಿಗೆ ಬಿದ್ದನು.

ಒಮ್ಮೆ ಮುಳುಗಿದನು, ಒಂದು ಕೈ ಕಾಣಿಸಿತು, ಮತ್ತೆ ಕಾಣಿಸಲಿಲ್ಲ. ನಾನು ಎತ್ತಿದ ಬೆರಳನ್ನು ಇಳಿಸದೆ ನಿಂತಿದ್ದೆನೆಂದು ಆಮೇಲೆ ನೋಡಿದವರು ಹೇಳಿದರು. ಆಳು ಕೂಗಲಿಲ್ಲ, ಓಡಲೂ ಇಲ್ಲ. ಕೆಳಗಿನ ಬಂಡೆಯ ಒಣ ಅಂಚಿನಲ್ಲಿ ಕುಳಿತು, ಸೆಳವು ಹುಡುಗನನ್ನು ಎಲ್ಲಿಗೆ ತರುವುದೆಂಬುದನ್ನು ಬಲ್ಲವನಾಗಿ ದೋಟಿಯನ್ನು ಅಲ್ಲಿಗೇ ಚಾಚಿದನು. ಹುಡುಗನ ಕೈಗೆ ಗಳ ಸಿಕ್ಕಿತು. ಮೇಲಕ್ಕೆಳೆದಾಗ ಮೊಣಕೈ ತರೆದಿದ್ದಿತು, ನೀರು ಕುಡಿದಿದ್ದನು, ದೈವಕೃಪೆಯಿಂದ ಅಷ್ಟೇ. ತಾಯಿ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು, ಒಂದು ಮಾತನ್ನೂ ಆಡದೆ ಮನೆಯ ಕಡೆಗೆ ನಡೆದಳು. ಬೈದಿದ್ದರೆ ನನಗೆ ಹಗುರವಾಗುತ್ತಿದ್ದಿತು.

ಸಂಜೆ ಕೊಟ್ಟಿಗೆಯ ಬಳಿ ಆ ಪುಣ್ಯಾತ್ಮನಿಗೆ ಕೈಮುಗಿಯಹೋದೆನು. ಅವನು ಸಂಕೋಚದಿಂದ, "ಮೇಷ್ಟ್ರೇ, ನೀವು ಹೇಳಿದ್ದು ಚೆನ್ನಾಗೇ ಇತ್ತು. ಆದ್ರೆ ಕಪ್ಪಗಿರೋ ಕಲ್ಲು ಮೆಟ್ಟಬೇಡಿ ಅಂತ ಒಂದು ಮಾತು ಮೊದ್ಲೇ ಹೇಳಿದ್ರೆ ಸಾಕಿತ್ತು" ಎಂದನು. ಮೂವತ್ತು ವರ್ಷಕಾಲ ಆ ಪದದ ಅರ್ಥವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು!

ರಾತ್ರಿ ಹುಡುಗನ ತಾಯಿಯ ಬಳಿಗೆ ಹೋಗಿ, "ತಪ್ಪು ನನ್ನದಮ್ಮಾ" ಎಂದು ಒಪ್ಪಿಕೊಂಡೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗು ಹೊಳೆಯ ಹೆದರಿಕೆಯನ್ನು ಹೊತ್ತುಕೊಂಡು ಊರಿಗೆ ಹೋಗುವುದು ಬೇಡ. ನಾಳೆ ಇನ್ನೊಮ್ಮೆ ಕರೆದುಕೊಂಡು ಹೋಗಿ. ಆದರೆ ನಾನು ಅವನ ಕೈ ಬಿಡುವುದಿಲ್ಲ" ಎಂದಳು.

ಮೂರನೆಯ ದಿನ ದೋಟಿಯವನು ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಹೊರಡುವ ಮೊದಲೇ ಅಂಗಳದಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿಸಿದೆನು. ಒಣಗಿ ಬೆಳ್ಳಗಿರುವ ಕಲ್ಲನ್ನು ಮಾತ್ರ ಮೆಟ್ಟಬೇಕು. ತರಗೆಲೆಯ ಮೇಲೆ ಕೂರಬಾರದು. ಬೇಸಗೆಯ ಕಾಡಿನಲ್ಲಿ ಉಣುಗುಗಳಿರುತ್ತವೆ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಅವುಗಳಿಂದಲೇ ಹರಡತಕ್ಕದ್ದು. ಆದುದರಿಂದ ಕಾಲು ಮುಚ್ಚುವ ಬಟ್ಟೆಯಿರಬೇಕು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನವಾಗಬೇಕು. ನಡುಹಗಲಿಗೆ ಮೊದಲೇ ಹಿಂದಿರುಗಬೇಕು. ಶೃಂಗೇರಿಯ ಕಡೆ ಗುಡುಗುಮಳೆ ಸುರಿದರೆ ಇಲ್ಲಿ ಹನಿ ಬೀಳದಿದ್ದರೂ ಹೊಳೆ ಏರಬಹುದು.

ಈ ಕಟ್ಟಳೆಗಳಿಂದ ಯಾರ ಸಂತೋಷವೂ ಕುಂದಲಿಲ್ಲ. ಹೆಂಗಸರು ಬಟ್ಟೆ ಒಗೆಯುವ ಮರಳಿನ ಇಳಿಜಾರಿನಲ್ಲಿ ಎಲ್ಲರೂ ಪಾದ ಮುಳುಗುವಷ್ಟು ನೀರಿನಲ್ಲಿ ಕುಳಿತರು. ಮಂಡಕ್ಕಿಯನ್ನು ಚೆಲ್ಲಿದರೆ ಮೀನುಗಳು ಬಂದು ಬೆರಳನ್ನು ಕಚ್ಚಿ ಕಚಗುಳಿಯಿಟ್ಟುವು. ತಲೆಯ ಮೇಲೆ ಮಂಗಟ್ಟೆಯ ಜೋಡಿಯೊಂದು ರೆಕ್ಕೆಯ ಭಾರಿ ಸದ್ದಿನೊಡನೆ ಹೊಳೆಯನ್ನು ದಾಟಿತು. ಅಜ್ಜಿಯವರು ಮುರುಗಲ ಹಣ್ಣಿನ ಪಾನಕವನ್ನು ಎರಡು ಸಲ ಕೇಳಿ ಕುಡಿದರು. ಹುಡುಗನು ಮೊದಲು ತಾಯಿಯ ಕೈಯನ್ನು ಬಿಗಿಹಿಡಿದಿದ್ದವನು, ಹೊರಡುವ ಹೊತ್ತಿಗೆ ಆಕೆಗೇ, "ಅಮ್ಮಾ, ಆ ಕಲ್ಲು ಕಪ್ಪಗಿದೆ, ಮೆಟ್ಟಬೇಡ" ಎಂದು ಹೇಳಿಕೊಡುತ್ತಿದ್ದನು.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಕಾಡುಹೊಳೆಗಳ ನಡುವೆ ಮನೆಯುಳ್ಳವರು ಬೀಗರಿಗೆ ದೂರದ ನೋಟಗಳನ್ನು ತೋರಿಸುವ ಆತುರದಲ್ಲಿ ಹಿತ್ತಿಲ ಹೊಳೆಯನ್ನು ಮರೆಯಬೇಡಿರಿ. ತೋರಿಸುವಾಗ ಅದರ ಚೆಲುವಿಗಿಂತ ಮೊದಲು ಅದರ ಅಪಾಯವನ್ನು ಹೇಳಿರಿ. ನಿಮಗಿಂತ ಚೆನ್ನಾಗಿ ಹೊಳೆಯನ್ನು ಬಲ್ಲವನೊಬ್ಬನನ್ನು ಮುಂದೆ ನಡೆಸಿರಿ.

ಮೊದಲ ದೀಪಾವಳಿಗೆ ಅಳಿಯನೊಡನೆ ಆ ಹುಡುಗನೂ ಬರುವನೆಂದು ಸುದ್ದಿ ಬಂದಿದೆ. ಮಳೆಗಾಲವನ್ನು ಕಳೆದ ಹೊಳೆ ಆಗ ತುಂಬಿರುವುದು. ಈ ಸಲ ದಡದ ಮೇಲೆಯೇ ನಿಂತು ನೋಡತಕ್ಕದ್ದೆಂದು ಈಗಲೇ ಬರೆದು ತಿಳಿಸಿದ್ದೇನೆ.